ಅಳಿಸಿದ ಪೆನ್ಸಿಲ್ ಗುರುತುಗಳು

ನೀವು ಕೊನೆಯದಾಗಿ ಸಹಿ ಹಾಕಿದ ಕಾಗದದಲ್ಲಿ ಏನು ಬರೆದಿತ್ತೆಂದು ಈಗ ಯಾರಾದರೂ ಎದುರು ನಿಂತು ಕೇಳಿದರೆ ಹೇಳಬಲ್ಲಿರಾ? ಅದು ಬ್ಯಾಂಕಿನದಿರಬಹುದು, ವಿಮೆಯದಿರಬಹುದು, ಷೇರು ಖಾತೆಯದಿರಬಹುದು. ಮೊಬೈಲಿನ ಪರದೆಯಲ್ಲಿ ‘ಒಪ್ಪಿದ್ದೇನೆ’ ಎಂಬ ಚೌಕಕ್ಕೆ ಬೆರಳು ತಾಗಿಸಿದ್ದೂ ಇರಬಹುದು. ನಿಮ್ಮನ್ನು ಸೋಲಿಸಲೆಂದು ನಾನಿದನ್ನು ಕೇಳುತ್ತಿಲ್ಲ. ಹಿಂದೊಮ್ಮೆ ಇಂಥದೇ ಒಂದು ಪ್ರಶ್ನೆಯನ್ನು ಸೋಲಿಸಲೆಂದೇ ಬರೆದುಕೊಟ್ಟಿದ್ದೆ. ಅದನ್ನು ಕೇಳಿದವರು ಈಗಿಲ್ಲ. ಉತ್ತರ ಕೊಟ್ಟವರೂ ಇಲ್ಲ.

ಕಳೆದ ತಿಂಗಳು ಮುಳಬಾಗಿಲಿನಿಂದ ನನಗೊಂದು ರಟ್ಟಿನ ಪೆಟ್ಟಿಗೆ ಬಂತು. ಕಳಿಸಿದವರು ನನ್ನ ಸೀನಿಯರ್ ವಕೀಲರ ಪತ್ನಿ. ಸೀನಿಯರ್ ತೀರಿಕೊಂಡು ಆಗಲೇ ವರ್ಷ ತುಂಬುತ್ತಿತ್ತು. ಪೆಟ್ಟಿಗೆಯಲ್ಲಿ ಕೆಂಪು ದಾರ ಕಟ್ಟಿದ ಒಂದು ಕಡತ, ಅದರ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ದುಂಡನೆಯ ಗಾಜಿನ ಬಟ್ಟಲು. ಬಟ್ಟಲಿನಲ್ಲಿ ಒಣಗಿ ಕಲ್ಲಿನಂತಾದ ಒಂದು ಸ್ಪಾಂಜು. ಅದನ್ನು ಮೂಗಿನ ಹತ್ತಿರ ತಂದೆ. ಪನ್ನೀರಿನ ವಾಸನೆ... ಇಷ್ಟು ವರ್ಷಗಳಾದ ಮೇಲೂ ನಿಜವಾಗಿ ಉಳಿದಿತ್ತೋ ಅಥವಾ ನಾನೇ ಕಲ್ಪಿಸಿಕೊಂಡೆನೋ ತಿಳಿಯದು.

ಕೋಲಾರದ ವಕೀಲರಲ್ಲಿ ಹಾಳೆ ಮಗುಚಲು ಬೆರಳನ್ನು ನಾಲಿಗೆಗೆ ಮುಟ್ಟಿಸದವರು ನಾನು ಕಂಡಂತೆ ಸೀನಿಯರ್ ಒಬ್ಬರೇ. ಪ್ರತಿ ಸೋಮವಾರ ಬೆಳಗ್ಗೆ ಬಟ್ಟಲಿಗೆ ನೀರು ಹಾಕಿ, ಮೇಲೆ ನಾಲ್ಕು ಹನಿ ಪನ್ನೀರು ಬಿಡುತ್ತಿದ್ದರು. ತೋರುಬೆರಳನ್ನು ಸ್ಪಾಂಜಿಗೆ ಒತ್ತಿ, ಒಂದೊಂದು ಹಾಳೆಯನ್ನೂ ತಿರುವುತ್ತಿದ್ದರು. ನೂರು ಹಾಳೆಗಳಿದ್ದರೆ ನೂರನ್ನೂ. ನಾನು ಸೇರಿದ ಮೊದಲ ವಾರ ಅವಸರದಲ್ಲಿ ಬೆರಳು ನೆಕ್ಕಿ ಹಾಳೆ ತಿರುವಿದಾಗ ಕೈ ತಡೆದಿದ್ದರು.

“ಇನ್ನೊಬ್ರ ಕಾಗದಕ್ಕೆ ನಮ್ಮ ಎಂಜಲು ಹತ್ತಿಸ್ಬಾರ್ದಮ್ಮ.”

ಪೌರೋಹಿತ್ಯದ ಮನೆತನದಿಂದ ಬಂದವರ ಮಡಿ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಆ ಮಾತನ್ನು ಮುಂದೊಂದು ದಿನ ನಾನೇ ಅವರ ಮೇಲೆ ತಿರುಗಿಸಿ ಎಸೆಯುತ್ತೇನೆಂದು ಆಗ ಗೊತ್ತಿರಲಿಲ್ಲ.

ಉಳಿದ ವಕೀಲರು ಜಮೀನಿನ ಬಾಂದು, ಪಾಲು, ಪೋಡಿಗಳ ದಾವೆಗಳಲ್ಲಿ ತೊಡಗಿದ್ದಾಗ ಇವರು ಹಣಕಾಸು ಸಂಸ್ಥೆಗಳ ವಕಾಲತ್ತು ವಹಿಸುತ್ತಿದ್ದರು. ಷೇರು, ಮ್ಯೂಚುವಲ್ ಫಂಡು, ಡಿಬೆಂಚರುಗಳನ್ನು ಮಾರಿದ ಸಂಸ್ಥೆಗಳ ಮೇಲೆ ಕೊಂಡವರು ಹೂಡುವ ದಾವೆಗಳೆಲ್ಲ ನಮ್ಮ ಆಫೀಸಿನ ಕಿರಿದಾದ ಮೆಟ್ಟಿಲು ಹತ್ತಿ ಬರುತ್ತಿದ್ದವು. ಇಂದು ಮಾಲೂರಾದರೆ ನಾಳೆ ಮುಳಬಾಗಿಲು. ಅವರು ಸೋತದ್ದನ್ನು ನಾನು ಕಂಡದ್ದು ಕಡಿಮೆ. ಧ್ವನಿ ಏರಿಸಿದ್ದನ್ನಂತೂ ಕಾಣಲೇ ಇಲ್ಲ.

ನಾನು ಅವರ ಕಣ್ಣಿಗೆ ಬಿದ್ದದ್ದು ಕಾಲೇಜಿನ ಚರ್ಚಾಸ್ಪರ್ಧೆಯೊಂದರಲ್ಲಿ. ಅವರು ತೀರ್ಪುಗಾರರು. ಕಾನೂನು ದುರ್ಬಲರನ್ನು ಕಾಯುತ್ತದೆಯೇ ಎಂಬುದು ವಿಷಯ. ಮೊದಲ ಸುತ್ತಿನಲ್ಲಿ ಕಾಯುತ್ತದೆ ಎಂದು ವಾದಿಸಿ ಗೆದ್ದೆ. ಕೊನೆಯ ಸುತ್ತಿನಲ್ಲಿ ಪಕ್ಷ ಬದಲಾಯಿಸಿದಾಗ ಕಾಯುವುದಿಲ್ಲ ಎಂದು ವಾದಿಸಿಯೂ ಗೆದ್ದೆ. ಫಲಕವನ್ನು ಕೈಗಿಡುತ್ತ ಅವರು ಮೆಲ್ಲಗೆ ಕೇಳಿದ್ದರು: “ಎರಡು ಕಡೇನೂ ಒಂದೇ ಥರ ಮಾತಾಡ್ತೀಯಲ್ಲಮ್ಮ, ನಿನ್ನ ಕಡೆ ಯಾವ್ದು?”

“ಯಾವ ಕಡೆ ಕೊಟ್ರೂ ಗೆಲ್ತೀನಿ, ಸರ್.”

ಅವರು ನಕ್ಕರು. ಕಾನೂನು ಓದು ಮುಗಿದ ಮೇಲೆ ತಮ್ಮ ಆಫೀಸಿಗೆ ಬರುವಂತೆ ಹೇಳಿದರು. ನಾನು ಹೋದೆ. ನನಗೊಂದು ಆದರ್ಶವಿತ್ತು. ಬಲಾಢ್ಯರ ಕೋಟೆಯನ್ನು ಒಳಗಿನಿಂದ ಅರಿತುಕೊಂಡು, ಆಮೇಲೆ ಹೊರಬಂದು ದುರ್ಬಲರ ಪರವಾಗಿ ನಿಲ್ಲಬೇಕೆಂದು ನಿಶ್ಚಯಿಸಿದ್ದೆ. ಒಳಗೆ ಹೋದವಳ ಕೈಗೆ ಮೊದಲು ಏನು ಕೊಡುತ್ತಾರೆಂದು ಮಾತ್ರ ಯೋಚಿಸಿರಲಿಲ್ಲ.

ಮೂರನೆಯ ವರ್ಷ ಆ ದಾವೆ ಬಂತು. ಹೆಸರುಗಳನ್ನು ಹೇಳಲಾರೆ, ಕಕ್ಷಿದಾರರ ವಿಷಯದಲ್ಲಿ ವಕೀಲರಿಗಿರುವ ಗೋಪ್ಯತೆಯ ಕಟ್ಟು ವಕೀಲಿ ಬಿಟ್ಟವರಿಗೂ ಇರುತ್ತದೆ. ವಾದಿ, ಶ್ರೀನಿವಾಸಪುರದ ಖಾಸಗಿ ಶಾಲೆಯೊಂದರಿಂದ ನಿವೃತ್ತರಾದ ಟೀಚರ್. ಪಿಂಚಣಿಯಿಲ್ಲದ ಕೆಲಸ. ಮದುವೆಯಾಗದ ತಂಗಿಯೊಂದಿಗೆ ಇದ್ದರು. ನಿವೃತ್ತಿಯಲ್ಲಿ ಕೈಗೆ ಬಂದದ್ದೇ ಅವರಿಬ್ಬರ ಮುಪ್ಪಿನ ಆಸರೆ. ಅದನ್ನು ಠೇವಣಿ ಇಡಲು ನಮ್ಮ ಕಕ್ಷಿದಾರ ಸಂಸ್ಥೆಯ ಶಾಖೆಗೆ ಹೋದಾಗ ಅಲ್ಲಿನ ಅಧಿಕಾರಿ ಅವರಿಗೆ ಡಿಬೆಂಚರುಗಳನ್ನು ಮಾರಿದ್ದ. ಅಂದರೆ, ಇನ್ನಾವುದೋ ಕಂಪನಿಗೆ ಸಾಲ ಕೊಟ್ಟು ಪಡೆಯುವ ಪತ್ರಗಳನ್ನು. ಆ ಕಂಪನಿ ಮುಳುಗಿತು. ಆ ಅಧಿಕಾರಿ ತಮ್ಮ ಹಳೆಯ ವಿದ್ಯಾರ್ಥಿ, ಇದೂ ಠೇವಣಿಯಂತೆಯೇ ಎಂದ, ತಮ್ಮ ಕೈಯಲ್ಲಿ ಅಕ್ಷರ ಕಲಿತವನೆಂದು ನಂಬಿ ಅವನು ತೋರಿಸಿದ ಕಡೆಯಲ್ಲೆಲ್ಲ ಓದದೆ ಸಹಿ ಹಾಕಿದೆ ಎಂಬುದು ಅವರ ದಾವೆ. ನಮ್ಮ ಉತ್ತರ ಒಂದೇ ಸಾಲಿನದು. ನಷ್ಟವಾಗಬಹುದೆಂಬ ಎಚ್ಚರಿಕೆಯನ್ನು ಓದಿ, ಅರ್ಥಮಾಡಿಕೊಂಡಿದ್ದೇನೆ ಎಂಬ ಮಾತಿನ ಕೆಳಗೆ ಅವರದೇ ಸಹಿ ಇದೆ.

ಮೂಲ ಕಾಗದಗಳು ಆಫೀಸಿಗೆ ಬಂದ ದಿನ ಸೀನಿಯರ್ ಎಂದಿನಂತೆ ಬೆರಳು ತೇವ ಮಾಡಿಕೊಂಡು ತಿರುವತೊಡಗಿದರು. ಏಳನೆಯ ಹಾಳೆಯಲ್ಲಿ ಬೆರಳು ನಿಂತಿತು. ಹಿಂದಿನ ಹಾಳೆಗೆ ಹೋದರು, ಮತ್ತೆ ಮುಂದಿನದಕ್ಕೆ. ಆಮೇಲೆ ನನ್ನನ್ನು ಕರೆದು, ಕಾಗದವನ್ನು ನನ್ನ ಕಡೆ ತಿರುಗಿಸಿದರು.

“ರುಜು ಪಕ್ಕದಲ್ಲಿ ಬೆರಳಿಟ್ಟು ನೋಡಮ್ಮ.”

ಬೆರಳಿಗೆ ಒಂದು ಸಣ್ಣ ಕುಳಿ ಸಿಕ್ಕಿತು. ಪೆನ್ಸಿಲಿನಿಂದ ಒತ್ತಿ ಬರೆದ ಅಡ್ಡಗೀಟಿನ ಗುರುತು. ಯಾರೋ ರಬ್ಬರಿನಿಂದ ಅಳಿಸಿದ್ದರು. ಸೀಸ ಹೋಗಿತ್ತು, ಒತ್ತು ಹೋಗಿರಲಿಲ್ಲ. ಎಲ್ಲ ಸಹಿಗಳ ಪಕ್ಕದಲ್ಲೂ ಹಾಗೆಯೇ. ಟೀಚರ್ ಹೇಳಿದ್ದು ನಿಜ. ಗುರುತು ಹಾಕಿಕೊಟ್ಟ ಕಡೆ ಸಹಿ ಹಾಕಿದ್ದಾರೆ. ಎದುರು ಪಕ್ಷದ ವಕೀಲರು ಜೆರಾಕ್ಸ್ ಪ್ರತಿಗಳನ್ನಷ್ಟೇ ನೋಡಿದ್ದರು. ಜೆರಾಕ್ಸಿನಲ್ಲಿ ಕುಳಿ ಬೀಳುವುದಿಲ್ಲ.

“ಇದನ್ನ ನಾವು ಹೇಳೋ ಹಾಗಿಲ್ಲ. ಅವ್ರು ಕೇಳಿದ್ರೆ ಮುಚ್ಚಿಡೋ ಹಾಗೂ ಇಲ್ಲ,” ಎಂದರು ಸೀನಿಯರ್. ಎದುರು ಪಕ್ಷದವರು ಕೇಳಲಿಲ್ಲ. ಮೂಲ ಕಾಗದಗಳು ನ್ಯಾಯಾಲಯದ ಮುಂದೆ ಬಂದ ದಿನವೂ ಆ ವಕೀಲರು ಕಣ್ಣಾಡಿಸಿ ಹಿಂದಿರುಗಿಸಿದರು. ಬೆರಳಾಡಿಸಲಿಲ್ಲ.

ಪಾಟೀ ಸವಾಲಿಗೆ ಮುನ್ನ ವಾದಿಯ ಬಗ್ಗೆ ವಿಚಾರಿಸಿಕೊಂಡು ಬರುವುದು ಜೂನಿಯರಿನ ಕೆಲಸ. ನಾನು ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋದೆ. ಮಾವಿನ ಕಾಲ. ಮಂಡಿಯೊಂದರ ನೆರಳಿನಲ್ಲಿ ಹಣ್ಣು ಆರಿಸುತ್ತಿದ್ದ ಹೆಂಗಸೊಬ್ಬರ ಪಕ್ಕ ಕುಳಿತು, ಆ ಟೀಚರ್ ಗೊತ್ತೇ ಎಂದು ಕೇಳಿದೆ. ನಾನು ಯಾರೆಂದು ಹೇಳಲಿಲ್ಲ. ಆಕೆಯೂ ಕೇಳಲಿಲ್ಲ, ಅಂಥವರ ಬಗ್ಗೆ ಮಾತಾಡಲು ಸಿಕ್ಕಿದ್ದೇ ಆಕೆಗೆ ಸಂತೋಷ.

“ನಮ್ ಟೀಚರಮ್ಮನಾ? ನಂಗೆ ರುಜು ಹಾಕಾಕೆ ಕಲಿಸಿದ್ದೇ ಅವ್ರು ಕಣಮ್ಮ. ಮಗನ ಮಾರ್ಕ್ಸ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಾಕೆ ಹೋದ್ರೆ ಕೈ ಮೇಲೆ ಒಂದು ಬಿಟ್ರು ನೋಡು! ಮಗನ ಮುಂದೇನೇ! ಮರ್ಯಾದೆ ಹೋಯ್ತಲ್ಲ ಅಂತ ಅತ್ತಿದ್ದೆ.” ಆಕೆ ನಕ್ಕು, ಕೈಯಲ್ಲಿದ್ದ ಕಾಯನ್ನು ಮೂಸಿ ಬುಟ್ಟಿಗೆ ಹಾಕಿದರು. “ಆಮೇಲೆ ದಿನಾ ಸಂಜೆ ಕೂರಿಸ್ಕೊಂಡು ಕಲಿಸಿದ್ರು. ನಮ್ ಬೀದಿ ಹೆಂಗಸ್ರಿಗೆಲ್ಲಾ. ಡೈರಿ ಚೀಟಿ ಆದ್ರೂ ಸರಿ, ಓದ್ದೆ ರುಜು ಹಾಕಿದ್ರೆ ನನ್ ಹತ್ರ ಬರ್ಬೇಡಿ ಅನ್ನೋರು.”

ಆಕೆಯ ಮಗ ಈಗ ನಮ್ಮ ದಾವೆ ನಡೆಯುತ್ತಿದ್ದ ಅದೇ ಊರಿನ ನ್ಯಾಯಾಲಯದಲ್ಲಿ ದಲಾಯತ್. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಕೆಲಸ. ಅದನ್ನು ಹೇಳುವಾಗ ಆಕೆಯ ಮುಖದಲ್ಲಿದ್ದ ಹೆಮ್ಮೆ... ನಾನು ಎರಡು ಹಣ್ಣು ತಿಂದೆ, ದುಡ್ಡು ಬೇಡವೆಂದರು. ಹಿಂದಿರುಗುವ ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆಯಿಟ್ಟು ಬರೆದೆ. ಮೂರು ಪ್ರಶ್ನೆಗಳು, ಒಂದರ ಹಿಂದೆ ಒಂದು. ಮೊದಲೆರಡಕ್ಕೆ ಹೌದೆನ್ನದೆ ದಾರಿಯಿಲ್ಲ. ಮೂರನೆಯದಕ್ಕೆ ನಿಜ ಹೇಳಬೇಕಾದರೆ ಆ ಹೆಂಗಸು ತನ್ನ ಇಡೀ ಬದುಕನ್ನು ಬಾಗಿಲಲ್ಲಿ ನಿಂತ ಶಿಷ್ಯನ ಎದುರಿಗೆ ಸುಳ್ಳು ಮಾಡಿಕೊಳ್ಳಬೇಕು. ಇಂಥ ಪ್ರಶ್ನೆಯನ್ನು ಚರ್ಚಾಸ್ಪರ್ಧೆಯಲ್ಲಿ ಬರೆದಿದ್ದರೆ ಸಭೆ ಎದ್ದು ಚಪ್ಪಾಳೆ ತಟ್ಟುತ್ತಿತ್ತು. ನನಗೆ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಡಲಾರೆ.

ಸೀನಿಯರ್ ಹಾಳೆಯನ್ನು ಎರಡು ಸಲ ಓದಿದರು. “ನೀನೇ ಬರ್ದಿದ್ದಾ?” ಎಂದರು. ಹೌದೆಂದೆ.

“ಚೆನ್ನಾಗಿದೆ,” ಎಂದರು. “ಚೆನ್ನಾಗಿರೋದೇ ಕಷ್ಟ.” ಹಾಳೆಯನ್ನು ಮಡಚಿ ಕೋಟಿನ ಒಳಜೇಬಿಗಿಟ್ಟುಕೊಂಡರು.

ಸಾಕ್ಷಿಯ ದಿನ ದಲಾಯತ್ ಟೀಚರ ಹೆಸರನ್ನು ಕೂಗಲು ಬಾಗಿಲಿಗೆ ಹೋದ. ಉಳಿದವರ ಹೆಸರುಗಳನ್ನು ಬೀದಿಯವರೆಗೂ ಕೇಳುವಂತೆ ಕೂಗುವವನು, ಅವರ ಹೆಸರನ್ನು ಮೆಲ್ಲಗೆ, ಹೆಸರಿನ ಹಿಂದೆ ಟೀಚರ್ ಎಂದು ಸೇರಿಸಿ ಕರೆದ. ಅವರು ಒಳಬಂದಾಗ ಕೈ ಮುಗಿದ. ಹತ್ತಿಸೀರೆ, ಕಂಕುಳಲ್ಲಿ ಚೀಲ, ಬೆನ್ನು ನೇರ. ಕಟಕಟೆಯಲ್ಲಿ ನಿಂತು, ಅವನ ಅಂಗಿಯ ಗುಂಡಿ ಬಿಚ್ಚಿರುವುದನ್ನು ಕಣ್ಸನ್ನೆಯಲ್ಲೇ ತೋರಿಸಿದರು. ಅವನು ತಟ್ಟನೆ ಹಾಕಿಕೊಂಡ. ನ್ಯಾಯಾಧೀಶರೂ ನಕ್ಕರು.

ಸೀನಿಯರ್ ಎದ್ದು ನಿಂತು ಬಹಳ ಗೌರವದಿಂದ ಆರಂಭಿಸಿದರು.

“ನಮ್ಮ ದಲಾಯತರ ತಾಯಿಯವ್ರಿಗೂ ರುಜು ಕಲಿಸಿದ್ದು ನೀವೇ ಅಲ್ವಾ, ಟೀಚರ್?”

“ಹೌದು.”

“ಓದದೆ ಯಾವ ಕಾಗದಕ್ಕೂ ರುಜು ಹಾಕಬೇಡಿ ಅಂತ ಅವ್ರಿಗೆ ಹೇಳಿದ್ರಿ.”

“ಎಲ್ಲರಿಗೂ ಹೇಳಿದೀನಿ.”

“ಹಾಗೆ ಹೇಳಿದ ನೀವು, ಈ ಕಾಗದಗಳಿಗೆ ಓದದೆ ರುಜು ಹಾಕಿದ್ರಾ?”

ಟೀಚರ್ ನ್ಯಾಯಾಧೀಶರ ಕಡೆ ನೋಡಲಿಲ್ಲ, ತಮ್ಮ ವಕೀಲರ ಕಡೆಯೂ ನೋಡಲಿಲ್ಲ. ಬಾಗಿಲಲ್ಲಿ ನಿಂತವನನ್ನು ನೋಡಿದರು. ಅವನು ತಲೆ ತಗ್ಗಿಸಿದ್ದ. ಓದಿಲ್ಲ ಎಂದು ಹೇಳಿಬಿಡಿ ಎಂದು ಅವರ ವಕೀಲರ ಮುಖ ಬೇಡುತ್ತಿತ್ತು. ದಾವೆಯೇ ಆ ಒಂದು ಮಾತಿನ ಮೇಲೆ ನಿಂತಿತ್ತು.

“ಇಲ್ಲ,” ಎಂದರು ಟೀಚರ್. “ಓದದೆ ನಾನು ರುಜು ಹಾಕೋಳಲ್ಲ.”

ಬೇಕಾದ ಉತ್ತರ ಬಂದ ಕೂಡಲೇ ಕುಳಿತುಕೊಳ್ಳಬೇಕೆಂಬುದು ಸೀನಿಯರ್ ನನಗೆ ಕಲಿಸಿದ್ದ ಮೊದಲ ಪಾಠ. ಅವರು ಕುಳಿತರು. ಆ ಕಡೆಯ ವಕೀಲರು ಮತ್ತೆ ಮತ್ತೆ ಎದ್ದು ಸರಿಪಡಿಸಲು ನೋಡಿದರು, ಆಗಲಿಲ್ಲ. ಟೀಚರ್ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. ಒಂದು ಸಲ ಹೇಳಿದ ಮೇಲೆ ಹೇಗೆ ಸರಿದಾರು?

ಕೋಲಾರಕ್ಕೆ ಮರಳುವಾಗ ಕಾರಿನಲ್ಲಿ ಸೀನಿಯರ್ ಆಡಿದ್ದು ಒಂದೇ ಮಾತು. “ಅದು ನಿನ್ ಪ್ರಶ್ನೆ ಅಂತ ಯಾರ ಹತ್ರಾನೂ ಹೇಳ್ಕೋಬೇಡ.” ನನ್ನ ಜಾಣತನದ ಕೀರ್ತಿಯನ್ನು ತಾವೇ ಇಟ್ಟುಕೊಳ್ಳಲು ನೋಡುತ್ತಿದ್ದಾರೆಂದು ನನಗೆ ಮುನಿಸಾಯಿತು. ದಾವೆ ವಜಾ ಆದ ಮೇಲೆ ಸಂಸ್ಥೆಯವರು ಆಫೀಸಿಗೆ ಬಂದು ಅವರ ಪಾಟೀ ಸವಾಲನ್ನು ಹೊಗಳಿದಾಗಲೂ ಅವರು ಸುಮ್ಮನೆ ಕೇಳಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. ಆ ಮುನಿಸು ಇನ್ನೂ ಬಲಿಯಿತು.

ತೀರ್ಪಿನ ಮೂರು ವಾರಗಳ ನಂತರ ಬೇರೊಂದು ಕೆಲಸದ ಮೇಲೆ ನಾವಿಬ್ಬರೂ ಅದೇ ನ್ಯಾಯಾಲಯದ ನಕಲು ವಿಭಾಗದಲ್ಲಿದ್ದೆವು. ತೀರ್ಪಿನ ನಕಲು ಪಡೆಯಲು ಟೀಚರ್ ಬಂದರು. ದಲಾಯತ್ ಜೊತೆಯಲ್ಲಿದ್ದ. ಗುಮಾಸ್ತರು ರಿಜಿಸ್ಟರ್ ತಿರುಗಿಸಿ, ಪೆನ್ನು ಮುಂದಿಟ್ಟರು. ಟೀಚರ್ ಪೆನ್ನನ್ನು ಬದಿಗೆ ಸರಿಸಿ ಇಂಕ್ ಪ್ಯಾಡು ಕೇಳಿದರು.

“ಟೀಚರ್, ರುಜು ಹಾಕಿ,” ಎಂದ ದಲಾಯತ್. ಅವನ ಧ್ವನಿ ಹುಡುಗನದಾಗಿತ್ತು.

“ಬೇಡಪ್ಪ. ಹೆಬ್ಬೆಟ್ಟು ಒತ್ತಿದ್ರೆ ಓದಿದೀನಿ ಅಂತ ಯಾರೂ ಅನ್ನಲ್ಲ.”

ಎಡಗೈ ಹೆಬ್ಬೆರಳನ್ನು ನೇರಳೆ ಶಾಯಿಗೆ ಒತ್ತಿ, ರಿಜಿಸ್ಟರಿನ ಚೌಕದಲ್ಲಿ ಇಟ್ಟರು. ಒಂದು ಬೀದಿಯ ಹೆಂಗಸರಿಗೆಲ್ಲ ಸಹಿ ಕಲಿಸಿದವರ ಗುರುತು ಅದು. ಹೋಗುವಾಗ ನಮ್ಮಿಬ್ಬರನ್ನೂ ನೋಡಿದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಇಷ್ಟು ವರ್ಷ... ಇರಲಿ.

ಆ ಸಂಜೆ ಆಫೀಸಿನಲ್ಲಿ ಸೀನಿಯರ್ ಎದುರು ನಿಂತು ಮಾತಾಡಿದೆ. ಗುರುತುಗಳ ವಿಷಯ ತಿಳಿದೂ ಆ ಪ್ರಶ್ನೆ ಕೇಳಿದಿರಿ, ಆಕೆ ಹೇಳಲಿರುವುದು ಸುಳ್ಳೆಂದು ಗೊತ್ತಿದ್ದೂ ಆ ಸುಳ್ಳಿಗೆ ದಾರಿ ಮಾಡಿಕೊಟ್ಟಿರಿ ಎಂದೆ. ವಾಕ್ಯದ ಮೇಲೆ ವಾಕ್ಯ, ಎಲ್ಲಿಯೂ ಎಡವದೆ. ಅವರು ತಡೆಯಲಿಲ್ಲ. “ಹೌದು, ಕೇಳ್ದೆ,” ಎಂದಷ್ಟೇ ಅಂದರು.

“ಈ ಎಂಜಲು ನಿಮ್ಮ ಪನ್ನೀರಿನಿಂದ ಹೋಗಲ್ಲ, ಸರ್.”

ಅವರ ಕೈ ಬಟ್ಟಲಿನ ಅಂಚಿನಲ್ಲಿತ್ತು. ನಿಧಾನವಾಗಿ ಹಿಂದೆಗೆದುಕೊಂಡರು. “ನೀನೇ ಗೆದ್ದೆ ಕಣಮ್ಮ,” ಎಂದರು. “ಹೋಗ್ಬಾ.” ನಾನು ಬ್ಯಾಂಡು, ಗೌನು ಎತ್ತಿಕೊಂಡು ಮೆಟ್ಟಿಲಿಳಿದೆ. ಪ್ರಶ್ನೆ ನಿನ್ನದು ಎಂದು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಅವರು ಹೇಳಲಿಲ್ಲ. ಹೇಳಲಿಲ್ಲವೆಂಬುದು ನನಗೆ ಆಗ ಹೊಳೆಯಲೂ ಇಲ್ಲ.

ಮತ್ತೆ ಅವರನ್ನು ಭೇಟಿಯಾಗಲಿಲ್ಲ. ಆಗಾಗ ಸುದ್ದಿ ಬರುತ್ತಿತ್ತು. ಕೊಳ್ಳುವವರಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳದೆ ಸಹಿ ಪಡೆಯಬೇಡಿ ಎಂದು ಸಂಸ್ಥೆಗಳಿಗೆ ಬರೆಯುತ್ತಾರಂತೆ, ಅದಕ್ಕೊಪ್ಪದವರ ವಕಾಲತ್ತು ತೆಗೆದುಕೊಳ್ಳುವುದಿಲ್ಲವಂತೆ, ಒಬ್ಬೊಬ್ಬರಾಗಿ ಕಡತ ವಾಪಸ್ಸು ಪಡೆಯುತ್ತಿದ್ದಾರಂತೆ. ವಯಸ್ಸಾಯಿತು, ತಲೆ ಕೆಟ್ಟಿದೆ ಎಂದು ವಕೀಲರ ಸಂಘದಲ್ಲಿ ಆಡಿಕೊಂಡರಂತೆ. ಅವರು ಬದಲಾಗಿದ್ದಾರೆಂಬುದನ್ನು ನಾನು ನಂಬಲಿಲ್ಲ. ಟೀಚರ್ ಮನೆಯ ಜಗುಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಕಾಲ ಕಳೆದರು. ಅವರು ತೀರಿಹೋದ ಸುದ್ದಿಯನ್ನು ಮಂಡಿಯ ಆ ತಾಯಿಯೇ ಹೇಳಿದ್ದು. ಆಕೆಗೆ ಈಗಲೂ ನಾನು ಯಾರೆಂದು ಗೊತ್ತಿಲ್ಲ.

ಕಡತದ ದಾರ ಬಿಚ್ಚಿದೆ. ಪಾಟೀ ಸವಾಲಿನ ಟಿಪ್ಪಣಿಯಿತ್ತು. ನಾನು ಬಸ್ಸಿನಲ್ಲಿ ಬರೆದ ಹಾಳೆ ಇರಲಿಲ್ಲ. ಆ ಮೂರು ಪ್ರಶ್ನೆಗಳು ಅದೇ ಮಾತುಗಳಲ್ಲಿ, ಅದೇ ಕ್ರಮದಲ್ಲಿ, ಸೀನಿಯರ ದುಂಡು ಕೈಬರಹದಲ್ಲಿದ್ದವು. ಮುಂದೆ ಯಾರೇ ತೆರೆದು ನೋಡಿದರೂ ಅದು ಅವರದೇ ಎಂದು ಕಾಣುವಂತೆ ನಕಲು ಮಾಡಿ, ನನ್ನ ಹಾಳೆಯನ್ನು ತೆಗೆದುಬಿಟ್ಟಿದ್ದರು. ಕಾರಿನಲ್ಲಿ ಆಡಿದ ಮಾತು ಆಗ ಅರ್ಥವಾಯಿತು. ಅವರು ಇಟ್ಟುಕೊಂಡದ್ದು ಕೀರ್ತಿಯನ್ನಲ್ಲ.

ಅದರ ಹಿಂದೆ ಸಂಸ್ಥೆಗೆ ಬರೆದ ಮೂರು ಪತ್ರಗಳ ಪ್ರತಿಗಳು. ವಾದಿಯೊಂದಿಗೆ ರಾಜಿ ಮಾಡಿಕೊಳ್ಳಿ, ಕಾಗದಗಳಲ್ಲಿ ದೋಷವಿದೆ ಎಂಬ ಸಲಹೆ. ಮೊದಲನೆಯದು ಪಾಟೀ ಸವಾಲಿಗೂ ಮೊದಲೇ, ನಾನು ಶ್ರೀನಿವಾಸಪುರಕ್ಕೆ ಹೋದ ವಾರವೇ ಬರೆದದ್ದು. ಕೊನೆಯದು ಗೆದ್ದ ಮೇಲೆ. ಗೆದ್ದ ದಾವೆಯಲ್ಲಿ ರಾಜಿ ಏಕೆಂದು ಸಂಸ್ಥೆಯವರು ಕೊಟ್ಟ ಉತ್ತರವೂ ಅಲ್ಲೇ ಇತ್ತು. ಪತ್ರ ಬರೆದರೆಂಬ ಮಾತ್ರಕ್ಕೆ ಸೀನಿಯರನ್ನು ಪೂರ್ತಿ ಬಿಡುಗಡೆ ಮಾಡಲಾರೆ. ರಾಜಿ ಆಗದೆಂದು ತಿಳಿದ ಮೇಲೂ ಅವರು ಎದ್ದು ನಿಂತು ಕೇಳಿದರು. ಆದರೆ ಪ್ರಶ್ನೆ ನನ್ನದು. ಇದನ್ನು ಹೇಳಬೇಕಾಗಿದ್ದ ಇಬ್ಬರಿಗೂ ನಾನು ಹೇಳಲಿಲ್ಲ.

ಸೀನಿಯರ ಪತ್ನಿ ಒಂದು ಚೀಟಿ ಇಟ್ಟಿದ್ದರು. “ನೀನು ಹೋದ ದಿನದಿಂದ ಇದಕ್ಕೆ ನೀರು ಹಾಕಲಿಲ್ಲ. ಎಸೆಯಲು ಹೋದರೆ ಬೇಡವೆನ್ನುತ್ತಿದ್ದರು. ನಿನಗೆ ಬೇಕಾದೀತು.”

ಟೀಚರು ಸಹಿ ಹಾಕಿದ ಕಾಗದಗಳ ಪ್ರತಿಯೂ ಕಡತದಲ್ಲಿದೆ. ಸಹಿಗಳ ಪಕ್ಕದಲ್ಲಿ ಬೆರಳಾಡಿಸಿದೆ. ಜೆರಾಕ್ಸು; ನುಣುಪು. ಏನೂ ಸಿಗುವುದಿಲ್ಲ. ಆದರೂ ದಿನಕ್ಕೊಮ್ಮೆ ಕೈ ಅಲ್ಲಿಗೆ ಹೋಗುತ್ತದೆ...

ನಾನೀಗ ವಾರಕ್ಕೆರಡು ದಿನ ನರಸಾಪುರದಲ್ಲಿ, ಕಂಪನಿ ಬಸ್ಸುಗಳು ನಿಲ್ಲುವ ಕಡೆ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ಶಿಫ್ಟು ಮುಗಿಸಿ ಬಂದವರು ಫೋನು ಚಾಚುತ್ತಾರೆ, ಕಾಗದ ಚಾಚುತ್ತಾರೆ. ಗಟ್ಟಿಯಾಗಿ ಕನ್ನಡದಲ್ಲಿ, ಬೇಕೆಂದರೆ ತೆಲುಗಿನಲ್ಲಿ ಓದಿ ಹೇಳುತ್ತೇನೆ. ಇದರಿಂದ ಹಳೆಯದು ತೀರುತ್ತದೆಂದು ನಾನು ವಾದಿಸುವುದಿಲ್ಲ. ಮೊನ್ನೆಯಿಂದ ಮೇಜಿನ ಮೇಲೆ ಆ ಬಟ್ಟಲನ್ನು ಇಟ್ಟಿದ್ದೇನೆ. ಸ್ಪಾಂಜಿಗೆ ನೀರು ಬಿಟ್ಟೆ, ಅದು ಹೀರಲಿಲ್ಲ. ಅಂಚಿನಲ್ಲಿ ಪುಡಿಯಾಗಿ ಉದುರಿತು.

ಕೊನೆಗೊಂದು ಬೇಡಿಕೆ. ಓದಿ ಸಹಿ ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಓದದೆ ಹಾಕಿದ್ದರೆ, ಯಾರೇ ಕೇಳಲಿ, ನಿಮ್ಮಿಂದ ಅಕ್ಷರ ಕಲಿತವರೇ ಎದುರಿಗೆ ನಿಂತಿರಲಿ, ದಯವಿಟ್ಟು ‘ಓದಿಲ್ಲ’ ಎಂದು ಹೇಳಿ.